ಗೋಡೆಯವರ ಸಭೆ, ಬಸ್ಸಿಳಿದವರ ರಸ್ತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಕಂದಾಯ ಇಲಾಖೆ ಮಧುಗಿರಿ ಉಪವಿಭಾಗ ಎಂದು ಒಂದೇ ಕಡತಕ್ಕೆ ಸೇರಿಸಿದೆ. ಶಿಕ್ಷಣ ಇಲಾಖೆಗೂ ಇವು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಊರುಗಳು. ಒಂದಕ್ಕೊಂದು ಹೋಲಿಕೆ ಮಾತ್ರ ಕಡಿಮೆ. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿತ್ತು, ಈಗ ನಗರಸಭೆ. ಮಧುಗಿರಿ ಏಕಶಿಲಾ ಬೆಟ್ಟದ ನೆರಳಲ್ಲಿ ಬೆಳೆದ ಊರು. ಪಾವಗಡವನ್ನು ಮೂರು ಕಡೆಯಿಂದ ಆಂಧ್ರ ಸುತ್ತುವರಿದಿದೆ; ಪೇಟೆಯ ಚೌಕಾಸಿ ಅರ್ಧ ತೆಲುಗಿನಲ್ಲಿ ನಡೆಯುತ್ತದೆ. ಕೊರಟಗೆರೆ ನಾಲ್ಕರಲ್ಲಿ ಚಿಕ್ಕದು, 2011ರ ಜನಗಣತಿಯಂತೆ ಹದಿನೈದು ಸಾವಿರದಷ್ಟು ಜನ, ಪಟ್ಟಣ ಪಂಚಾಯಿತಿ.

ಒಂದು ವಿಷಯದಲ್ಲಿ ನಾಲ್ಕೂ ಒಂದೇ. ರೈಲಿನ ಆಸರೆಯಿಲ್ಲದೆ ಬೆಳೆದ ಊರುಗಳಿವು. ತುಮಕೂರು–ರಾಯದುರ್ಗ ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳ ಹೆಸರಿನಲ್ಲಿ, ತುಮಕೂರು–ದಾವಣಗೆರೆ ಮಾರ್ಗ ಶಿರಾದ ಹೆಸರಿನಲ್ಲಿ ವರ್ಷಗಟ್ಟಲೆ ಸರ್ವೆ, ಭೂಸ್ವಾಧೀನ, ಕಾಮಗಾರಿ ಎಂದು ತೆವಳುತ್ತಾ ಬಂದವು. ಅಲ್ಲಿಯವರೆಗೆ ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ, ಸಂತೆಗೆ ಬರುವವರೆಲ್ಲ ಬಸ್ಸು, ಆಟೊ, ಟೆಂಪೊ, ಬೈಕುಗಳಲ್ಲೇ ಬಂದರು. ಬಂದವರೆಲ್ಲ ಇಳಿದದ್ದು ಒಂದೇ ಕಡೆ, ಪೇಟೆಯ ಮುಖ್ಯರಸ್ತೆಯಲ್ಲಿ.

ಆ ಮುಖ್ಯರಸ್ತೆಯನ್ನು ಸುರಕ್ಷಿತಗೊಳಿಸುವ ಮಾತು ಎದ್ದಾಗಲೆಲ್ಲ ನಮ್ಮ ಪಟ್ಟಣಗಳಲ್ಲಿ ನಡೆಯುವ ಚರ್ಚೆಗೆ ಒಂದು ಸಿದ್ಧ ರೂಪವಿದೆ. ‘ರಸ್ತೆ ಮಧ್ಯದಿಂದ ಎಷ್ಟು ಅಡಿ?’ ಎಂಬುದೇ ಅದರ ಮೊದಲ ಪ್ರಶ್ನೆ, ಬಹಳ ಸಲ ಕೊನೆಯ ಪ್ರಶ್ನೆಯೂ ಹೌದು. ಟೇಪು ಹಿಡಿದು ಅಳೆಯುತ್ತಾರೆ. ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೆ. ವರ್ತಕರು ಅಂಗಡಿ ಬಾಗಿಲು ಹಾಕಿ ಮನವಿ ಕೊಡುತ್ತಾರೆ. ಕೆಲವರು ತಡೆಯಾಜ್ಞೆ ತರುತ್ತಾರೆ. ಇತ್ತ ಒಂದು ಬಣ ವಿಸ್ತರಣೆ ಆಗಲೇಬೇಕು ಎಂದು ಧರಣಿ ಕೂರುತ್ತದೆ. ಸಭೆ ಕರೆದರೆ ಬರುವವರು ಮುಖ್ಯಾಧಿಕಾರಿ, ಲೋಕೋಪಯೋಗಿ ಎಂಜಿನಿಯರ್, ಸರ್ಕಲ್ ಇನ್‌ಸ್ಪೆಕ್ಟರ್, ವಾರ್ಡಿನ ಸದಸ್ಯರು ಮತ್ತು ರಸ್ತೆಗೆ ಮುಖಮಾಡಿ ಗೋಡೆ ಇರುವವರು. ಗೋಡೆ ಕಳೆದುಕೊಳ್ಳುವವರು ಮಾತಾಡುವುದು ನ್ಯಾಯವೇ. ಆದರೆ ಆ ರಸ್ತೆಯಲ್ಲಿ ಕಾಲು ಮುರಿದುಕೊಳ್ಳುವವರು, ಜೀವ ಬಿಡುವವರು ಬಹುಪಾಲು ಆ ಸಭೆಯ ಆಸುಪಾಸಿನಲ್ಲೂ ಇರುವುದಿಲ್ಲ. ಅವರಿಗೆ ಅಲ್ಲಿ ಗೋಡೆಯಿಲ್ಲ, ವೋಟೂ ಇಲ್ಲ. ಪುರಸಭೆಯನ್ನು ಆರಿಸುವುದು ಪಟ್ಟಣದವರು; ಪಟ್ಟಣದ ರಸ್ತೆಯನ್ನು ತುಂಬುವುದು ಹಳ್ಳಿಯವರು. ಈ ದತ್ತಿ ಉಪನ್ಯಾಸದ ವಾದ ಇಷ್ಟೇ: ಪೇಟೆ ರಸ್ತೆಯ ಸುರಕ್ಷತೆ ತಾಲ್ಲೂಕಿನ ವಿಷಯ, ಅದನ್ನು ಪುರಸಭೆಯ ನಾಲ್ಕು ಗೋಡೆಯೊಳಗೆ ತೀರ್ಮಾನಿಸಲು ಬಿಡಬಾರದು.

ಸಾವಿನ ಲೆಕ್ಕ ಮೊದಲು ನೋಡಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಕರ್ನಾಟಕದ ರಸ್ತೆಗಳ ಪಾಲು 11,702. ದೇಶದ ಒಟ್ಟು ಸಾವಿನಲ್ಲಿ ದ್ವಿಚಕ್ರ ವಾಹನದವರು ಶೇಕಡಾ 44.5ರಷ್ಟು, ಪಾದಚಾರಿಗಳು ಶೇಕಡಾ 19.5ರಷ್ಟು. ಇಬ್ಬರನ್ನೂ ಕೂಡಿಸಿದರೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ. ಕಾರಿನ ತಗಡಿನ ಆಸರೆಯೂ ಇಲ್ಲದೆ ರಸ್ತೆಗಿಳಿದ ಜನ ಇವರು.

ಈ ನಾಲ್ಕು ತಾಲ್ಲೂಕುಗಳ ಹೆಸರು ರಾಜ್ಯದ ಮುಖಪುಟಗಳಿಗೆ ಬಂದ ಕೆಲವು ದಿನಗಳಿವೆ. 2019ರ ಅಕ್ಟೋಬರ್ 30ರಂದು ಕೊರಟಗೆರೆ ಬಳಿ ಖಾಸಗಿ ಬಸ್ಸು ಮಗುಚಿ ಐವರು ಸತ್ತರು. 2022ರ ಮಾರ್ಚ್ 19, ಶನಿವಾರ ಬೆಳಿಗ್ಗೆ, ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿತು. ಸೀಟಿಗಿಂತ ಎಷ್ಟೋ ಹೆಚ್ಚು ಜನ ತುಂಬಿದ್ದ ಬಸ್ಸು ಅದು. ಸತ್ತವರಲ್ಲಿ, ಗಾಯಗೊಂಡವರಲ್ಲಿ ಪಾವಗಡದ ಶಾಲೆ ಕಾಲೇಜುಗಳಿಗೆ ಹೊರಟಿದ್ದ ಮಕ್ಕಳಿದ್ದರು. ಅದೇ ವರ್ಷದ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದವರ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2024ರ ಸೆಪ್ಟೆಂಬರ್‌ನಲ್ಲಿ ಮಧುಗಿರಿ ತಾಲ್ಲೂಕಿನಲ್ಲಿ ಎರಡು ಕಾರುಗಳು ಮುಖಾಮುಖಿಯಾಗಿ ಐವರು ಹೋದರು.

ಇವು ಯಾವುವೂ ಪೇಟೆ ಬೀದಿಯಲ್ಲಿ ಆದವಲ್ಲ. ಆದರೂ ಪೇಟೆಯ ಚರ್ಚೆಗೆ ಇವು ಬೇಕು. ಪಳವಳ್ಳಿ ಕಟ್ಟೆಯ ಬಸ್ಸಿನಲ್ಲಿದ್ದವರು ಹೊರಟದ್ದು ಪಾವಗಡದ ಪೇಟೆಗೇ. ಮಕ್ಕಳು ಟಾಪಿನ ಮೇಲೆ, ಫುಟ್‌ಬೋರ್ಡ್ ಮೇಲೆ ಏಕೆ ಬಂದರು ಎಂದು ಕೇಳಿದರೆ ಬಸ್ಸು ಸಾಲದು ಎಂಬ ಉತ್ತರ ಬರುತ್ತದೆ. ಆ ದುರಂತದ ಮೇಲೆ ಸರ್ಕಾರಿ ಬಸ್ಸಿನ ಬೇಡಿಕೆ ಗಟ್ಟಿಯಾಯಿತು. ಹಾಗೆ ಕಿಕ್ಕಿರಿದು ತುಂಬಿ ಬಂದ ಬಸ್ಸು ಪಟ್ಟಣದೊಳಗೆ ಎಲ್ಲಿ ನಿಲ್ಲುತ್ತದೆ, ಮಕ್ಕಳು ಯಾವ ಮಗ್ಗುಲಿಗೆ ಇಳಿಯುತ್ತಾರೆ, ರಸ್ತೆಯನ್ನು ಎಲ್ಲಿ ದಾಟುತ್ತಾರೆ ಎಂಬುದು ಅದೇ ಪ್ರಶ್ನೆಯ ಮುಂದುವರಿದ ಭಾಗ. ಊರೊಳಗಿನ ಸಾವು ಸಾಮಾನ್ಯವಾಗಿ ಒಂಟಿ ಸಾವು. ಬೈಕು ಗುದ್ದಿ ಬಿದ್ದ ಮುದುಕಿ, ಟ್ರಾಕ್ಟರ್ ಟ್ರೇಲರಿನ ಹಿಂದಿನ ಗಾಲಿಗೆ ಸಿಕ್ಕ ಸೈಕಲ್ಲಿನ ಹುಡುಗ. ಒಂದು ಕಾಲಂ ಸುದ್ದಿಯಾಗಿ ಮುಗಿಯುತ್ತದೆ, ಪ್ರಧಾನಿಯ ಸಂತಾಪ ಬರುವುದಿಲ್ಲ.

ಪೇಟೆ ರಸ್ತೆಯ ಮೊದಲ ತೊಡಕು ಅದಕ್ಕೆ ಎರಡು ಹೆಸರಿರುವುದು. ಊರಿನವರಿಗೆ ಅದು ಪೇಟೆ ಬೀದಿ. ಇಲಾಖೆಯ ನಕ್ಷೆಯಲ್ಲಿ ಹೆದ್ದಾರಿ. ಮಳವಳ್ಳಿಯಿಂದ ಪಾವಗಡಕ್ಕೆ ಹೋಗುವ 33ನೇ ರಾಜ್ಯ ಹೆದ್ದಾರಿ ತುಮಕೂರು ದಾಟಿ ಕೊರಟಗೆರೆ, ಮಧುಗಿರಿಗಳನ್ನು ಮುಟ್ಟಿಯೇ ಮುಂದೆ ಸಾಗುತ್ತದೆ. ಹೊನ್ನಾವರದಿಂದ ಶಿವಮೊಗ್ಗ, ಹುಳಿಯಾರು ಮೇಲೆ ಬರುವ 69ನೇ ರಾಷ್ಟ್ರೀಯ ಹೆದ್ದಾರಿ ಶಿರಾ, ಮಧುಗಿರಿ ಹಾದು ಗೌರಿಬಿದನೂರಿಗೆ ಹೋಗುತ್ತದೆ. ಬೆಂಗಳೂರು–ಪುಣೆ ದಾರಿಯ ಲಾರಿಗಳು ಒಂದು ಕಾಲಕ್ಕೆ ಶಿರಾದೊಳಗೇ ನುಗ್ಗುತ್ತಿದ್ದವು. ಚತುಷ್ಪಥ ಬಂದ ಮೇಲೆ ಅವು ಊರ ಮಗ್ಗುಲಿಗೆ ಸರಿದವು. ಉಳಿದಂತೆ ಡಾಂಬರು ಲೋಕೋಪಯೋಗಿಯದು ಅಥವಾ ಹೆದ್ದಾರಿ ವಿಭಾಗದ್ದು, ಚರಂಡಿ ಪುರಸಭೆಯದು, ಕಂಬ ಬೆಸ್ಕಾಂನದು, ಬಸ್ ನಿಲ್ದಾಣ ಸಾರಿಗೆ ನಿಗಮದ್ದು, ನೋ ಪಾರ್ಕಿಂಗ್ ಬೋರ್ಡು ಪೊಲೀಸರದು. ಅಪಘಾತವಾದ ದಿನ ಮಾತ್ರ ರಸ್ತೆ ಯಾರದೂ ಆಗಿರುವುದಿಲ್ಲ.

ರಸ್ತೆಯ ಹೆಸರು ಬದಲಾಯಿಸಲು ಸರ್ಕಾರಗಳು ಓಡಾಡಿದ್ದೂ ಉಂಟು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದಿತು. ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರುಗಳಿಗೆ ಆ ಅಂತರವನ್ನು 2017ರ ಮಾರ್ಚ್‌ನಲ್ಲಿ 220 ಮೀಟರಿಗೆ ಇಳಿಸಿತು. ಕೊರಟಗೆರೆಯಂಥ ಊರು ಈ ಲೆಕ್ಕಕ್ಕೆ ಬರುತ್ತಿತ್ತು. ಕೂಡಲೇ ರಾಜ್ಯಗಳು ಪಟ್ಟಣದೊಳಗಿನ ಹೆದ್ದಾರಿಗಳನ್ನು ಹೆದ್ದಾರಿ ಪಟ್ಟಿಯಿಂದ ಕೈಬಿಡಿ ಎಂದು ದೆಹಲಿಗೆ ಬರೆದವು. ಕರ್ನಾಟಕವೂ ಬರೆಯಿತು. ಬ್ರಾಂದಿ ಅಂಗಡಿಯ ಬಾಗಿಲು ಉಳಿಸಲು ಇಷ್ಟು ಚುರುಕಾಗಿ ಎದ್ದ ಪ್ರಶ್ನೆ, ಶಾಲೆಯ ಗೇಟಿನ ಮುಂದಿನ ರಸ್ತೆ ಹೆದ್ದಾರಿಯೋ ಬೀದಿಯೋ ಎಂದು ಯಾವ ಸರ್ಕಾರದ ಬಾಯಲ್ಲೂ ಬಂದಿರಲಿಲ್ಲ.

ಈಗ ವಿಸ್ತರಣೆಯ ಮಾತು. ಅಗಲ ಮಾಡಿದರೆ ಅಪಘಾತ ತಗ್ಗುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಬೇರುಬಿಟ್ಟಿದೆ. ಊರ ಹೊರಗೆ, ಎದುರುಬದುರು ವಾಹನ ಬರುವ ಕಡೆ, ಅದು ನಿಜವೇ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರು ಗೋವಾಕ್ಕೆ ಹೊರಟಿದ್ದ ಟೆಂಪೊ ಟ್ರಾವೆಲರ್‌ಗೆ ಟಿಪ್ಪರ್ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೆ ಹಿಂದೆ ನಾಲ್ಕು ಪಥವಿದ್ದ ಹೆದ್ದಾರಿ ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಮಾತ್ರ ಎರಡು ಪಥಕ್ಕೆ ಕುಗ್ಗಿತ್ತು. ಆ ರಸ್ತೆ ಅಗಲವಾಗಬೇಕು ಎಂದು ಪಟ್ಟು ಹಿಡಿದವರಲ್ಲಿ ಮುಂದೆ ನಿಂತವರು ದಾವಣಗೆರೆಯ ಕುಟುಂಬಗಳು, ಸತ್ತವರ ಗಂಡಂದಿರು, ಮಕ್ಕಳು. ಅಪಘಾತ ನಡೆದ ಜಾಗಕ್ಕೇ ಬಂದು ಧರಣಿ ಮಾಡಿದರು. 2022ರ ಫೆಬ್ರುವರಿಯಲ್ಲಿ ಷಟ್ಪಥಕ್ಕೆ ಶಂಕುಸ್ಥಾಪನೆಯಾಯಿತು. ಧಾರವಾಡದ ರಸ್ತೆಯ ಬಗ್ಗೆ ದಾವಣಗೆರೆಯವರು ಮಾತಾಡಿದ್ದು ಇಲ್ಲಿ ಮುಖ್ಯ.

ಪೇಟೆಯೊಳಗೆ ಲೆಕ್ಕ ತಿರುಗುತ್ತದೆ. ಅಗಲವಾದ, ನುಣುಪಾದ ರಸ್ತೆ ವೇಗವನ್ನು ಕರೆಯುತ್ತದೆ. ದಾಟುವವರು ಹೆಚ್ಚು ಹೆಜ್ಜೆ ಇಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಶೇಕಡಾ 4ರಷ್ಟು ಏರುತ್ತದೆ. ಕಾರು ಎದುರಿನಿಂದ ಗುದ್ದಿದಾಗ ಪಾದಚಾರಿ ಸಾಯುವ ಸಾಧ್ಯತೆ ಗಂಟೆಗೆ 50 ಕಿ.ಮೀ.ಗಿಂತ 65ರಲ್ಲಿ ನಾಲ್ಕೂವರೆ ಪಟ್ಟು. ನಮ್ಮ ಕಾಯ್ದೆ ಏನು ಹೇಳುತ್ತದೆ? 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ಪುರಸಭೆಗಳ ವ್ಯಾಪ್ತಿಯೊಳಗೆ ಕಾರಿಗೆ 70, ಬೈಕಿಗೆ 60, ಆಟೊಗೆ 50 ಕಿ.ಮೀ. ಗರಿಷ್ಠ ವೇಗ ಎಂದು ಬರೆದಿದೆ. ಸಂತೆಯ ದಿನ ಕೊರಟಗೆರೆ ಪೇಟೆಯಲ್ಲಿ 70ರಲ್ಲಿ ಕಾರು ಓಡಿಸಬಲ್ಲವರು ಸಿಗಲಾರರು, ಆದರೆ ಮುಂಜಾನೆ ಐದಕ್ಕೆ, ರಾತ್ರಿ ಹತ್ತಕ್ಕೆ ಸಿಗುತ್ತಾರೆ. ಇದಕ್ಕಿಂತ ಕಡಿಮೆ ಮಿತಿ ಗೊತ್ತುಮಾಡುವ ಅಧಿಕಾರ ರಾಜ್ಯಕ್ಕೆ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಲ್ಲಿದೆ. ಅಡಿ ಅಳೆಯುವ ಸಭೆಗಳಲ್ಲಿ ಕಿಲೋಮೀಟರಿನ ಮಾತು ಬರುವುದು ಅಪರೂಪ.

ಬದಲಿಗೆ ಹಂಪ್ಸ್ ಬರುತ್ತವೆ. ಒಂದು ಅಪಘಾತ, ಒಂದು ರಸ್ತೆ ತಡೆ, ಸಂಜೆಯೊಳಗೆ ಒಂದು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಇಳಿಸುವ ದುಂಡು ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಮುಂಚಿತವಾಗಿ ಫಲಕ ಬೇಕು, ಮೇಲೆ ಬಣ್ಣ ಬೇಕು. ರಾತ್ರೋರಾತ್ರಿ ಸುರಿದ ಜಲ್ಲಿ ಗುಡ್ಡೆಗೆ ಇವೊಂದೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಕತ್ತಲಲ್ಲಿ ಎಗರಿ ಬೀಳುವುದು ಇಂಥ ಹಂಪಿನ ಮೇಲೆಯೇ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ತಂದ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಬಿಟ್ಟು ಸಾವಿಗೆ, ಅಂಗವೈಕಲ್ಯಕ್ಕೆ ಕಾರಣವಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ ಎನ್ನುತ್ತದೆ. ಪೊಲೀಸರ ಎಫ್‌ಐಆರ್ ಮಾತ್ರ ಎಂದಿನಂತೆ ಚಾಲಕನ ಅಜಾಗರೂಕತೆಯಿಂದಲೇ ಶುರುವಾಗುತ್ತದೆ.

ವರ್ತಕರ ಭಯವನ್ನು ಹಗುರ ಮಾಡುವುದು ತಪ್ಪು. ಹತ್ತಡಿ ಮುಂಗಟ್ಟಿನ ಅಂಗಡಿಯಲ್ಲಿ ಆರಡಿ ಹೋದರೆ ಉಳಿಯುವುದು ಕಟ್ಟೆ ಮಾತ್ರ. 2013ರ ಭೂಸ್ವಾಧೀನ ಕಾಯ್ದೆಯಂತೆ ಪಟ್ಟಣದ ಜಾಗಕ್ಕೆ ಮಾರುಕಟ್ಟೆ ಬೆಲೆ, ಅದರಷ್ಟೇ ಸಾಂತ್ವನ ಧನ, ಒಟ್ಟು ಎರಡು ಪಟ್ಟು ಸಿಗಬೇಕು. ಆದರೆ ಜಾಗ ರಸ್ತೆಯ ಗಡಿಯೊಳಗಿನ ಒತ್ತುವರಿ ಎಂದಾದರೆ ಹಕ್ಕಿನ ಪರಿಹಾರವೇ ಇಲ್ಲ. ಅದಕ್ಕೇ ಅಜ್ಜನ ಕಾಲದ ಖಾತೆ, ಕಂದಾಯ ರಸೀದಿ ಎಲ್ಲ ಪೆಟ್ಟಿಗೆಯಿಂದ ಹೊರಬರುತ್ತವೆ. ಬಾಡಿಗೆಗಿದ್ದವರ ಗೋಳು ಬೇರೆ. ಪರಿಹಾರ ಮಾಲೀಕರಿಗೆ ಹೋದರೆ ಗಿರಾಕಿಯನ್ನು ಕಳೆದುಕೊಳ್ಳುವವರು ಇವರು.

ಆದರೆ ವಾಹನ ನಿಲ್ಲಿಸಲು ಬಿಡದಿದ್ದರೆ ವ್ಯಾಪಾರ ಮುಳುಗುತ್ತದೆ ಎಂಬ ಇನ್ನೊಂದು ಮಾತನ್ನು ಪರೀಕ್ಷಿಸಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಂಗಡಿಯವರನ್ನು ಕೇಳಿದಾಗ ಗಿರಾಕಿಗಳಲ್ಲಿ ಶೇಕಡಾ 41ರಷ್ಟು ಕಾರಿನಲ್ಲಿ ಬರುತ್ತಾರೆ ಎಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇಕಡಾ 22. ಕಾರಿನ ನಾಡಿನಲ್ಲೇ ಹೀಗಾದರೆ ಬಸ್ಸಿನ ನಾಡಾದ ಪಾವಗಡದಲ್ಲಿ ಅಂದಾಜು ಎಷ್ಟು ತಪ್ಪಿರಬಹುದು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡುವ ದಾರಿಗಳಲ್ಲಿ ಹೆಂಗಸರಿಗೆ ಪೇಟೆಗೆ ಬರುವ ಖರ್ಚೂ ಇಳಿದಿದೆ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಬಂಗಾರದ ಅಂಗಡಿ ಎಲ್ಲಕ್ಕೂ ಅವರೇ ಗಿರಾಕಿ. ಅಂಗಡಿಯ ಮುಂದೆ ದಿನವಿಡೀ ನಿಲ್ಲುವ ಬೈಕುಗಳಲ್ಲಿ ಗಿರಾಕಿಗಳದೆಷ್ಟು, ಅಂಗಡಿಯವರದೇ ಎಷ್ಟು ಎಂದು ವರ್ತಕರ ಸಂಘವೇ ಒಂದು ವಾರ ಎಣಿಸಿ ನೋಡಬಹುದು. ಖರ್ಚಿಲ್ಲದ ಕೆಲಸ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ಸಂಚಾರ ನಿಲ್ಲಿಸಿ ನೋಡಿದರು, ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯನ್ನೂ ಅಳೆದರು. ತಾತ್ಕಾಲಿಕವಾಗಿ ಮಾಡಿ ನೋಡುವ ಆ ಪದ್ಧತಿ ಒಳ್ಳೆಯದು. ಕೆಡವಿದ ಗೋಡೆಯನ್ನು ಮತ್ತೆ ಕಟ್ಟಲಾಗದು, ಇಟ್ಟ ಬ್ಯಾರಿಕೇಡನ್ನು ಎತ್ತಬಹುದು. ಆದರೆ ಚರ್ಚ್ ಸ್ಟ್ರೀಟಿನ ಮಾದರಿ ಪಾವಗಡಕ್ಕೆ ಇದ್ದ ಹಾಗೇ ಒಗ್ಗದು. ಅಲ್ಲಿಗೆ ಬರುವವರು ಕಾಫಿಗೆ, ಪುಸ್ತಕಕ್ಕೆ ಬರುತ್ತಾರೆ. ಇಲ್ಲಿಗೆ ಬರುವವರು ಮೂಟೆ ಹೊತ್ತು ಬರುತ್ತಾರೆ. ನಮಗೆ ಹತ್ತಿರದ ಪಾಠ ಬೆಳಗಾವಿ–ಯರಗಟ್ಟಿ ರಸ್ತೆಯದು. ವಿಶ್ವಬ್ಯಾಂಕ್ ನೆರವಿನ ಕೆ-ಶಿಪ್ ಯೋಜನೆಯಲ್ಲಿ ಆ 62 ಕಿ.ಮೀ. ದಾರಿಯನ್ನು ಸುರಕ್ಷತೆಯ ಮಾದರಿ ಎಂದು ಆರಿಸಿ ಎಂಜಿನಿಯರ್, ಪೊಲೀಸ್, ಆಂಬುಲೆನ್ಸ್ ಎಲ್ಲರನ್ನೂ ಒಂದೇ ಯೋಜನೆಯಡಿ ತಂದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು ಬ್ಯಾಂಕು ವರದಿ ಮಾಡಿತು.

ಇನ್ನು ರಸ್ತೆ ಬದಿಯವರು: ಹೂವು, ಸೊಪ್ಪು, ಕಡಲೆಕಾಯಿ, ಪ್ಲಾಸ್ಟಿಕ್ ಬಿಂದಿಗೆ ಮಾರುವವರು, ತಳ್ಳುಗಾಡಿಯವರು. ಸುರಕ್ಷತೆಯ ಹೆಸರಿನಲ್ಲಿ ಮೊದಲು ಎತ್ತುವುದು ಇವರನ್ನೇ, ಏಕೆಂದರೆ ಇವರನ್ನು ಎತ್ತಲು ತಡೆಯಾಜ್ಞೆಯ ಭಯವಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೇರೆಯೇ ಹೇಳುತ್ತದೆ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಡೆತಡೆಯಿಲ್ಲದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಎಂದಿತು. ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯ. ಚರಂಡಿಯ ಚಪ್ಪಡಿಯ ಮೇಲೆ ಮೆಟ್ಟಿಲು ಕಟ್ಟಿದ, ಶೀಟು ಇಳಿಸಿದ ಅಂಗಡಿಯನ್ನು ಬಿಟ್ಟು ಬುಟ್ಟಿ ಇಟ್ಟವರನ್ನು ಓಡಿಸಿದಾಗಲೇ ಅದು ಅಸಾಧ್ಯವಾಗಿ ಕಾಣುತ್ತದೆ.

ಹಾಗಾದರೆ ಹಳ್ಳಿಯವರ ಮಾತು ಕೇಳುವ ಜಾಗ ಯಾವುದು? ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ತುಮಕೂರಿನಲ್ಲಿ ಸೇರುತ್ತದೆ, ಅಲ್ಲಿ ಕೂರುವವರು ಇಲಾಖೆಗಳವರೇ. ಪುರಸಭೆಯ ಮಿತಿ ಹೇಳಿಯಾಯಿತು. ಈ ನಾಲ್ಕೂ ಊರುಗಳ ಮೇಲೆ ಕಾನೂನಿನ ಕೈ ಇರುವ ಒಬ್ಬ ಅಧಿಕಾರಿ ಮಧುಗಿರಿಯಲ್ಲೇ ಇದ್ದಾರೆ, ಉಪವಿಭಾಗಾಧಿಕಾರಿ. ಜನರಿಗೆ ಅವರು ಎ.ಸಿ. ಸಾಹೇಬರು, ಜಮೀನಿನ ತಕರಾರಿಗೆ ನೆನಪಾಗುವವರು. ಅವರು ಉಪವಿಭಾಗ ದಂಡಾಧಿಕಾರಿಯೂ ಹೌದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಸಾರ್ವಜನಿಕ ದಾರಿಯ ಅಡೆತಡೆ, ಉಪದ್ರವವನ್ನು ತೆಗೆಯಿರಿ ಎಂದು ಷರತ್ತಿನ ಆದೇಶ ಹೊರಡಿಸುವ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಆದೇಶ ಪಡೆದವರು ಹಾಜರಾಗಿ ಕಾರಣ ಹೇಳಬಹುದು, ದಂಡಾಧಿಕಾರಿ ಸಾಕ್ಷ್ಯ ಕೇಳಬೇಕು. ದೂರು ಕೊಡಲು ಆ ಊರಿನ ಮತದಾರರಾಗಿರಬೇಕಿಲ್ಲ.

ಈ ಕಲಮಿನ ಬಲ ಏನೆಂದು ತೋರಿಸಿದ್ದು ಮಧ್ಯಪ್ರದೇಶದ ರತ್ಲಾಂ. ಅಲ್ಲಿನ ಒಂದು ಬಡಾವಣೆಯವರು ಚರಂಡಿಯ ಕೊಳಕಿನ ಬಗ್ಗೆ ದೂರಿದಾಗ ಉಪವಿಭಾಗ ದಂಡಾಧಿಕಾರಿ ಪುರಸಭೆಗೇ ಆದೇಶ ಕೊಟ್ಟರು. ಪುರಸಭೆ ದುಡ್ಡಿಲ್ಲ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ನೆಪವನ್ನು ಒಪ್ಪಲಿಲ್ಲ. ಜನರ ಆರೋಗ್ಯದ ಹೊಣೆಯಿಂದ ಬೊಕ್ಕಸ ಖಾಲಿ ಎಂದು ಜಾರಿಕೊಳ್ಳಲು ಬಿಡದೆ, ಕೆಲಸಕ್ಕೆ ಗಡುವು ಹಾಕಿಕೊಟ್ಟಿತು.

ಈ ಅಧಿಕಾರ ಬುಟ್ಟಿಯವರ ಮೇಲೆ ಬೀಸುವ ಲಾಠಿಯಾಗುವ ಅಪಾಯವೂ ಇದೆ. ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬಳಸಬೇಕು. ಇಡೀ ರಸ್ತೆಯ ವಿನ್ಯಾಸವನ್ನು ಒಂದು ಉಪದ್ರವದ ಮೊಕದ್ದಮೆಯಲ್ಲಿ ಬಗೆಹರಿಸಲೂ ಆಗದು. ಆದರೆ ಬಹಿರಂಗವಾಗಿ, ದಾಖಲೆಯ ಮೇಲೆ, ಗೋಡೆ ಇಲ್ಲದವರ ಮಾತನ್ನೂ ಕೇಳಲೇಬೇಕಾದ ವೇದಿಕೆ ತಾಲ್ಲೂಕು ಮಟ್ಟಕ್ಕೆ ಇಷ್ಟು ಹತ್ತಿರದಲ್ಲಿ ಮತ್ತೊಂದಿಲ್ಲ. ಗ್ರಾಮಸಭೆಗಳ ಠರಾವುಗಳೂ ಅಲ್ಲಿ ಕಡತ ಸೇರಬಹುದು.

ಅಂಥ ವಿಚಾರಣೆಯಲ್ಲಿ ಏಳುವ ಪ್ರಶ್ನೆಗಳು ಅಡಿಯ ಲೆಕ್ಕಕ್ಕಿಂತ ಬೇರೆಯಾಗಿರುತ್ತವೆ. ಶನಿವಾರ ಶನಿಮಹಾತ್ಮನ ದರ್ಶನಕ್ಕೆ ಪಾವಗಡ ತುಂಬುತ್ತದೆ, ಅಂದು ಹೊರಊರಿನ ವಾಹನ ಎಲ್ಲಿ ನಿಲ್ಲಬೇಕು? ಶಾಲೆ ಬಿಡುವ ಹೊತ್ತಿಗೆ ಮಧುಗಿರಿಯೊಳಗೆ ಜಲ್ಲಿ ಲಾರಿ ಬರುವುದನ್ನು ತಡೆಯಬಹುದೇ? ಕೊರಟಗೆರೆಯಲ್ಲಿ ಖಾಸಗಿ ಬಸ್ಸು ನಡುರಸ್ತೆಯಲ್ಲಿ ಜನರನ್ನು ಇಳಿಸದಂತೆ ನಿಲುಗಡೆ ಎಲ್ಲಿರಬೇಕು? ಶಿರಾದ ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವ ವಾಹನದ ವೇಗ ಎಲ್ಲಿಂದ ಇಳಿಯಬೇಕು?

ಒಂದು ಪ್ರಾಯೋಗಿಕ ತೊಡಕು ಉಳಿಯುತ್ತದೆ. ವೈ.ಎನ್. ಹೊಸಕೋಟೆಯ ತಾಯಿ ಪಾವಗಡದ ರಸ್ತೆಯ ಬಗ್ಗೆ ಹೇಳಿಕೆ ಕೊಡಲು ಎರಡು ಬಸ್ಸು ಹಿಡಿದು ಮಧುಗಿರಿಗೆ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ. ಕಂದಾಯ ಅಧಿಕಾರಿಗಳು ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಂಪ್ ಮಾಡುವುದು ಹೊಸದಲ್ಲ. ವಿಚಾರಣೆಯನ್ನು ಪಾವಗಡದಲ್ಲೇ ಇಟ್ಟು, ಹಳ್ಳಿಗಳ ಬೆಳಗಿನ ಬಸ್ಸುಗಳು ಬಂದು ಸೇರಿದ ಮೇಲೆ ಶುರುಮಾಡಿ, ಕೊನೆಯ ಬಸ್ಸು ಹೊರಡುವ ಮುಂಚೆ ಮುಗಿಸಬೇಕು. ಆ ವೇಳಾಪಟ್ಟಿ ನಿಲ್ದಾಣದ ಗೋಡೆಯ ಮೇಲೆಯೇ ಬರೆದಿರುತ್ತದೆ.